ಗೇಟಿನ ಬೋರ್ಡು ಓದಿ ಒಳಗೆ ಹೋಗಿ

(ಸಾಗರದಲ್ಲಿ ಚಾರಣದ ಗೆಳೆಯರ ಮುಂದೆ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ಬರಹಕ್ಕೆ ಇಳಿಸಿದ್ದು.)

ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು. ಭೂಗೋಳದ ಮೇಷ್ಟ್ರ ಕಷ್ಟ ಏನು ಗೊತ್ತಾ? ನೋಡದ ಊರಿನ ಬಗ್ಗೆ ನೋಡಿದವರ ಹಾಗೆ ಮಾತಾಡಬೇಕು. ಸುಣ್ಣಕಲ್ಲು ನೀರಿನಲ್ಲಿ ಕರಗುತ್ತದೆ ಅಂತ ಹೇಳಿ, ಉದಾಹರಣೆಗೆ ಯುಗೋಸ್ಲಾವಿಯಾ ಅಂತ ಬರೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಾನು ನಿವೃತ್ತನಾಗಿ ಅಲ್ಲಿಗೆ ಹೋಗುವ ಹೊತ್ತಿಗೆ ಯುಗೋಸ್ಲಾವಿಯಾ ಅನ್ನೋ ದೇಶವೇ ಇರಲಿಲ್ಲ. ಕಲ್ಲು ಮಾತ್ರ ಅಲ್ಲೇ ಇತ್ತು, ನೀರು ಇನ್ನೂ ಅದನ್ನ ಕರಗಿಸ್ತಾ ಇತ್ತು.

ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಮನೆಗೆ ಹೋದಾಗಲೆಲ್ಲ ನಾನು, ನನ್ನ ಹೆಂಡತಿ ಹತ್ತು ಹದಿನೈದು ದಿನ ದಕ್ಷಿಣದ ಕಡೆ ಹೊರಡುತ್ತಿದ್ದೆವು. ಹಾಗೆ ಮೂರು ಸಲ ಹೋಗಿ ಸ್ಪೇನ್, ಪೋರ್ಚುಗಲ್, ಇಟಲಿ, ಕ್ರೊವೇಷಿಯಾ, ಗ್ರೀಸ್ ದೇಶಗಳ ಕೆಲವು ನ್ಯಾಷನಲ್ ಪಾರ್ಕ್ ನೋಡಿದೆವು. ಚರ್ಚು, ಅರಮನೆ, ಮ್ಯೂಸಿಯಂ ಬಗ್ಗೆ ಹೇಳುವವರು ತುಂಬಾ ಜನ ಇದ್ದಾರೆ, ಅದು ಇವತ್ತು ಬೇಡ.

ನಮ್ಮಲ್ಲಿ ನ್ಯಾಷನಲ್ ಪಾರ್ಕ್ ಅಂದರೆ ಜೀಪು. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಗಾಡಿಯಿಂದ ಕಾಲು ಕೆಳಗಿಡುವ ಹಾಗಿಲ್ಲ. ಹುಲಿ, ಆನೆ ಇರುವ ಕಾಡಿಗೆ ಅದೇ ಸರಿ. ಯುರೋಪಿನ ಆ ಪಾರ್ಕುಗಳಲ್ಲಿ ಹೆಚ್ಚಿನ ಕಡೆ ಉಲ್ಟಾ. ಗಾಡಿ ಹೊರಗೆ ಬಿಡಬೇಕು, ಒಳಗೆ ಕಾಲೇ ಗಾಡಿ. ಪ್ರಾಣಿ ಕಂಡರೆ ಪುಣ್ಯ. ನೋಡಬೇಕಾದ್ದು ಜಾಗವನ್ನೇ.

ನನ್ನ ಹೆಂಡತಿಗೆ ಒಂದು ಅಭ್ಯಾಸ ಇದೆ. ಗೇಟಿನಲ್ಲಿ ಬೋರ್ಡು ಕಂಡರೆ ಮೇಲಿನಿಂದ ಕೆಳಗಿನವರೆಗೆ ಓದುತ್ತಾಳೆ. ಇದು ಮಾಡಬೇಡಿ, ಅದು ಮುಟ್ಟಬೇಡಿ, ಇಷ್ಟು ಗಂಟೆಯ ಮೇಲೆ ಬಿಡಲ್ಲ ಅಂತೆಲ್ಲ ಇರುತ್ತದಲ್ಲ, ಅದು. ಓದಿ ಆದಮೇಲೆ, "ಇದನ್ನ ಯಾಕ್ರೀ ಬೇಡ ಅಂದಿದ್ದಾರೆ?" ಅಂತ ನನ್ನನ್ನು ಕೇಳುತ್ತಾಳೆ. ಮೇಷ್ಟ್ರ ಹೆಂಡತಿ, ಗೊತ್ತಿಲ್ಲ ಅಂದರೆ ಒಪ್ಪಲ್ಲ. ಹಾಗೆ ಉತ್ತರ ಹುಡುಕುತ್ತಾ ಹುಡುಕುತ್ತಾ ನನಗೆ ಒಂದು ವಿಷಯ ಹೊಳೆಯಿತು. ಒಂದೊಂದು ಪಾರ್ಕಿನ ಬೋರ್ಡಿನಲ್ಲೂ ಬೇರೆಲ್ಲೂ ಇಲ್ಲದ ಒಂದು ವಿಚಿತ್ರ ನಿಯಮ ಇರುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಆ ಜಾಗದ ಗುಟ್ಟು ಸಿಗುತ್ತದೆ. ಇವತ್ತಿನ ಮಾತೆಲ್ಲ ಆ ನಿಯಮಗಳದ್ದೇ.

ಮೊದಲು ಕ್ರೊವೇಷಿಯಾದ ಪ್ಲಿಟ್ವಿಟ್ಸೆ. ರಾಜಧಾನಿ ಝಾಗ್ರೆಬ್‌ನಿಂದ ಬಸ್ಸಿನಲ್ಲಿ ಎರಡು ಎರಡೂವರೆ ಗಂಟೆ. ಇಲ್ಲಿ ಟಿಕೆಟ್ ತೆಗೆಯುವಾಗಲೇ ಯಾವ ಗಂಟೆಗೆ ಒಳಗೆ ಹೋಗುತ್ತೀರಿ ಅಂತ ಗೊತ್ತು ಮಾಡಬೇಕು. ಗಂಟೆಗೆ ಇಷ್ಟೇ ಜನ ಅಂತ ಲೆಕ್ಕ. ನಾವು ಹತ್ತು ಗಂಟೆಗೆ ತೆಗೆದಿದ್ದೆವು, ನಮ್ಮ ಬಸ್ಸು ತಲುಪಿದ್ದು ಹನ್ನೊಂದೂವರೆಗೆ. ಗೇಟಿನ ಹುಡುಗಿ ಟಿಕೆಟ್ ನೋಡಿದಳು, ನಮ್ಮ ಮುಖ ನೋಡಿದಳು, ಗಡಿಯಾರ ನೋಡಿದಳು. ಅರ್ಧ ಗಂಟೆ ಪಕ್ಕದಲ್ಲಿ ನಿಲ್ಲಿಸಿ ಆಮೇಲೆ ಬಿಟ್ಟಳು. ಎಲ್ಲರಿಗೂ ಬಿಡುತ್ತಾರೆ ಅಂದುಕೊಳ್ಳಬೇಡಿ. ಹಿಂದಿನ ರಾತ್ರಿಯೇ ಅಲ್ಲಿ ಹೋಗಿ ಉಳಿದು, ಬೆಳಗಿನ ಮೊದಲ ತಂಡದಲ್ಲಿ ಒಳಗೆ ಹೋಗುವುದು ಜಾಣತನ.

ಒಳಗೆ ಒಂದರ ಕೆಳಗೆ ಒಂದರಂತೆ 16 ಕೆರೆಗಳು. ಮೇಲಿನ ಕೆರೆ ತುಂಬಿ ಕೆಳಗಿನದಕ್ಕೆ ಬೀಳುತ್ತದೆ, ಅದು ತುಂಬಿ ಇನ್ನೊಂದಕ್ಕೆ. ಒಟ್ಟು ಸುಮಾರು 130 ಮೀಟರ್ ಇಳಿಜಾರು. ನೀರಿನ ಮೇಲೆಯೇ ಮರದ ಹಲಗೆಯ ದಾರಿ ಹಾಕಿದ್ದಾರೆ, ನಡುವಿನ ದೊಡ್ಡ ಕೆರೆ ದಾಟಲು ಬ್ಯಾಟರಿ ದೋಣಿ. ಕೊನೆಯಲ್ಲಿ ವೆಲಿಕಿ ಸ್ಲಾಪ್ ಅಂತ ಒಂದು ಜಲಪಾತ ಇದೆ. ಹೆಸರಿನ ಅರ್ಥವೇ ದೊಡ್ಡ ಜಲಪಾತ ಅಂತ. ಎತ್ತರ 78 ಮೀಟರ್. ಜೋಗದ ಪಕ್ಕದ ಊರಿನವರು ನಾವು, 253 ಮೀಟರ್ ನೋಡಿ ಬೆಳೆದವರು. ನನ್ನ ಹೆಂಡತಿ ಅದನ್ನ ನೋಡಿ, "ಇದೇನಾ?" ಅಂದಳು. ಆದರೆ ಜೋಗ ನೋಡಿದ ಕಣ್ಣಿನಿಂದ ಪ್ಲಿಟ್ವಿಟ್ಸೆ ನೋಡಬಾರದು. ಅಲ್ಲಿನ ಸೋಜಿಗ ನೀರು ಬೀಳುವುದರಲ್ಲಿಲ್ಲ, ನೀರು ನಿಲ್ಲುವುದರಲ್ಲಿದೆ.

ಅಲ್ಲಿನ ಬೋರ್ಡಿನ ನಿಯಮ ಈಜಬೇಡಿ ಅನ್ನೋದು. ಕಾಲು ಕೂಡ ಅದ್ದುವ ಹಾಗಿಲ್ಲ. ಬೇಸಿಗೆಯ ಬಿಸಿಲು, ಕಣ್ಣೆದುರಿಗೆ ಗಾಜಿನ ಹಾಗೆ ತಿಳಿ ನೀರು, ಹಸಿರು ನೀಲಿ ಬಣ್ಣ. ಆಳವೂ ಅಂಥದ್ದೇನಲ್ಲ ಎಷ್ಟೋ ಕಡೆ. ಮುಳುಗುತ್ತಾರೆ ಅನ್ನೋ ಭಯ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಕಾರಣ ಅದಲ್ಲ. ಆ ಕೆರೆಗಳ ಏರಿ ಇದೆಯಲ್ಲ, ಅದು ಜೀವ ಇರುವ ಏರಿ.

ಬಯಲುಸೀಮೆಯಲ್ಲಿ ನೆಂಟರಿದ್ದರೆ ಅವರ ಬಚ್ಚಲ ಹಂಡೆಯ ಒಳಗೆ ಬಗ್ಗಿ ನೋಡಿ. ಬೋರ್‌ವೆಲ್ ನೀರು ಕಾದು ಕಾದು ಬಿಳಿ ಹೆಕ್ಕಳೆ ಕಟ್ಟಿರುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣ ಅದು. ಪ್ಲಿಟ್ವಿಟ್ಸೆಯ ಏರಿಯೂ ಅದೇ. ಮಳೆ ನೀರು ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣಕಲ್ಲನ್ನು ಕರಗಿಸಿ ಹೊತ್ತುಕೊಂಡು ಬರುತ್ತದೆ. ಎಲ್ಲಿ ಕಲ್ಲಿಗೆ ಬಡಿದು ಚಿಮ್ಮುತ್ತದೋ ಅಲ್ಲಿ, ಗೋಲಿ ಸೋಡಾ ಒಡೆದಾಗ ಗ್ಯಾಸ್ ಹೋಗುವ ಹಾಗೆ, ಆ ಅನಿಲ ಹೊರಗೆ ಹೋಗುತ್ತದೆ. ಗ್ಯಾಸ್ ಹೋದ ಮೇಲೆ ನೀರಿಗೆ ಅಷ್ಟು ಸುಣ್ಣ ಹೊರುವ ಶಕ್ತಿ ಇಲ್ಲ. ಅಲ್ಲೇ ಇಳಿಸುತ್ತದೆ. ಎಲ್ಲಿ ಇಳಿಸುತ್ತದೆ? ಹಾವಸೆಯ ಮೇಲೆ. ಹಾವಸೆ, ಪಾಚಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇವೆಲ್ಲ ಸೇರಿ ಸುಣ್ಣವನ್ನು ಹಿಡಿದುಕೊಳ್ಳುತ್ತವೆ. ಕೆಳಗಿನ ಹಾವಸೆ ಕಲ್ಲಾಗುತ್ತದೆ, ಮೇಲೆ ಹೊಸ ಹಾವಸೆ ಚಿಗುರುತ್ತದೆ, ಅದೂ ಕಲ್ಲಾಗುತ್ತದೆ. ಹೀಗೆ ಏರಿ ಬೆಳೆಯುತ್ತದೆ, ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಇದಕ್ಕೆ ಟೂಫಾ ಅಂತ ಹೆಸರು.

ಹಲಗೆ ದಾರಿಯ ಪಕ್ಕದಲ್ಲಿ ಒಂದು ಮರದ ರೆಂಬೆ ನೀರಿಗೆ ಬಿದ್ದಿತ್ತು. ನಾವಿಬ್ಬರೂ ಮಂಡಿಯೂರಿ ಕೂತು ನೋಡಿದೆವು. ನೀರಿನ ಮೇಲೆ ಇದ್ದ ಭಾಗ ಸಾಮಾನ್ಯ ಕಡ್ಡಿ. ನೀರೊಳಗಿನ ಭಾಗಕ್ಕೆ ಬೂದು ಬಿಳಿ ಪದರ, ಸಣ್ಣ ಸಣ್ಣ ಮುಳ್ಳು ಎದ್ದ ಹಾಗೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೋಡಿದ್ದೀರಲ್ಲ? ಎಳ್ಳಿಗೆ ಪಾಕ ಹಾಕಿ, ಕೈಯಾಡಿಸಿ, ಒಣಗಿಸಿ, ಮತ್ತೆ ಪಾಕ. ಥೇಟ್ ಹಾಗೇ. ಅಲ್ಲಿ ಪಾಕ ಹಾಕುತ್ತಿರುವುದು ಹೊಳೆ.

ಈಗ ನಿಯಮ ಅರ್ಥವಾಯಿತು ಅಲ್ವಾ? ಹಾವಸೆಯ ಮೇಲೆ ಒಂದು ಕಾಲಿಟ್ಟರೆ ಎಷ್ಟೋ ವರ್ಷದ ಕೆಲಸ ಪುಡಿಯಾಗುತ್ತದೆ. ಮೈಗೆ ಹಚ್ಚಿದ ಎಣ್ಣೆ, ಸನ್‌ಸ್ಕ್ರೀನ್, ಸೋಪು ನೀರಿಗೆ ಸೇರಿದರೆ ಸುಣ್ಣ ಕೂರುವುದೇ ಕೆಡುತ್ತದೆ. ನೀರು ಅಷ್ಟು ಶುದ್ಧ ಇದ್ದರೆ ಮಾತ್ರ ಈ ಕೆಲಸ ನಡೆಯುವುದು. ಏರಿ ಬೆಳೆಯುವುದು ನಿಂತರೆ ಕೆರೆ ಉಳಿಯಲ್ಲ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1949ರಲ್ಲಿ ಪಾರ್ಕ್ ಆಯಿತು, 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 1991ರ ಈಸ್ಟರ್ ಭಾನುವಾರ ಈ ಕೆರೆಗಳ ಪಕ್ಕದಲ್ಲೇ ಗುಂಡು ಹಾರಿತು. ಕ್ರೊವೇಷಿಯಾದ ಯುದ್ಧದ ಮೊದಲ ಸಾವುಗಳು ಇಲ್ಲೇ ಆದದ್ದು. 1992ರಿಂದ 1997ರವರೆಗೆ ಯುನೆಸ್ಕೋ ಇದನ್ನು ಅಪಾಯದಲ್ಲಿರುವ ತಾಣ ಅಂತ ಗುರುತಿಸಿತ್ತು. ಆ ವರ್ಷಗಳಲ್ಲಿ ಪ್ರವಾಸಿಗರಿಲ್ಲ, ದೋಣಿ ಇಲ್ಲ. ಹಾವಸೆಗೆ ಯುದ್ಧ ಗೊತ್ತಿಲ್ಲವಲ್ಲ, ಏರಿ ಕಟ್ಟುತ್ತಲೇ ಇತ್ತು.

ಎರಡನೆಯ ಬೋರ್ಡು ಗ್ರೀಸಿನದ್ದು. ಕ್ರೀಟ್ ದ್ವೀಪದ ಸಮರಿಯಾ ಕಮರಿ. ಅಲ್ಲಿನ ನಿಯಮ ಟಿಕೆಟ್ ಬಿಸಾಡಬೇಡಿ ಅನ್ನೋದು. ಹೊರಗೆ ಹೋಗುವಾಗ ತೋರಿಸಬೇಕು. ನಮ್ಮ ಕಡೆ ಬಸ್ಸಿನಲ್ಲಿ ಚೆಕಿಂಗ್ ಇರುತ್ತದಲ್ಲ, ಹಾಗೆ ಇರಬೇಕು ಅಂದುಕೊಂಡೆ. ಗೇಟು ದಾಟಿ ಒಳಗೆ ಬಂದವರನ್ನು ಮತ್ತೆ ಯಾಕೆ ಚೆಕ್ ಮಾಡುತ್ತಾರೆ? ಕೆಳಗೆ ಇಳಿದ ಮೇಲೆ ಗೊತ್ತಾಯಿತು.

ಹನ್ಯಾ ಪಟ್ಟಣದಿಂದ ನಸುಕಿನ ಬಸ್ಸು ಹಿಡಿದು ಬೆಟ್ಟ ಹತ್ತಿ ಓಮಲೋಸ್ ಅನ್ನೋ ಬಯಲಿಗೆ ಬರಬೇಕು. ಅಲ್ಲಿಂದ ಕ್ಸಿಲೋಸ್ಕಾಲೋ ಅನ್ನೋ ಬಾಗಿಲು. ಮರದ ಏಣಿ ಅಂತ ಅರ್ಥ. ಸಮುದ್ರಮಟ್ಟದಿಂದ 1,200 ಮೀಟರಿಗಿಂತ ಎತ್ತರ. ದಾರಿ ಮುಗಿಯುವುದು ಸಮುದ್ರದ ದಂಡೆಯಲ್ಲಿ. ಅಂದರೆ ಸೊನ್ನೆ ಮೀಟರಿಗೆ. ಒಟ್ಟು 16 ಕಿಲೋಮೀಟರ್, ಇಳಿಯುವುದೇ ಇಳಿಯುವುದು. ಆರೇಳು ಗಂಟೆ ಬೇಕು.

ಇಳಿಯುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹೆಂಡತಿ ಕೊಡಚಾದ್ರಿ ಎಷ್ಟೋ ಸಲ ಹತ್ತಿದವಳು. ಅವಳ ಮಂಡಿ ಮೊದಲ ಮೂರು ಕಿಲೋಮೀಟರಿನಲ್ಲೇ ಕೈಕೊಟ್ಟಿತು. ಆ ದಾರಿಯಲ್ಲಿ ಕಾಲು ಉಳುಕಿದವರನ್ನು ಹೊರುವುದಕ್ಕೆ ಹೇಸರಗತ್ತೆ ಇಟ್ಟಿರುತ್ತಾರೆ. ಬೇರೆ ಗಾಡಿ ಹೋಗಲ್ಲ. ಕಾವಲುಗಾರ ನೋಡಿ, ಬೇಕಾ ಅಂತ ಕೈಸನ್ನೆ ಮಾಡಿದ. ಇವಳು, "ಹೇಸರಗತ್ತೆ ಮೇಲೆ ಕೂತು ಬಂದಳು ಅಂತ ಊರಿಗೆ ಗೊತ್ತಾದರೆ ಮುಗೀತು" ಅಂತ ಹೇಳಿ, ಒಂದು ಕೋಲು ಹಿಡಿದು ನಡೆದೇಬಿಟ್ಟಳು. ಇವತ್ತು ಈ ವಿಷಯ ನಾನು ಹೇಳಬಾರದಿತ್ತು, ಎದುರಿಗೇ ಕೂತಿದ್ದಾಳೆ.

ಅರ್ಧ ದಾರಿಯಲ್ಲಿ ಒಂದು ಊರು ಸಿಗುತ್ತದೆ. ಸಮರಿಯಾ ಅಂತಲೇ ಅದರ ಹೆಸರು. ಕಲ್ಲಿನ ಮನೆಗಳು, ಬಾವಿ, ಆಲಿವ್ ಮರ. ಜನ ಇಲ್ಲ. 1962ರಲ್ಲಿ ಇದು ನ್ಯಾಷನಲ್ ಪಾರ್ಕ್ ಆದಾಗ ಇದ್ದವರನ್ನು ಹೊರಗೆ ಕಳಿಸಿದರು. ನಾಗರಹೊಳೆ, ಕುದುರೆಮುಖದ ಸುದ್ದಿ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ. ಈಗ ಖಾಲಿ ಮನೆಗಳ ಮಧ್ಯೆ ಪ್ರವಾಸಿಗರು ಕೂತು ಬುತ್ತಿ ಬಿಚ್ಚುತ್ತಾರೆ. ನಾವೂ ಬಿಚ್ಚಿದೆವು, ಚಪಾತಿ ಚಟ್ನಿಪುಡಿ. ಅಷ್ಟರಲ್ಲಿ ಕ್ರಿ-ಕ್ರಿ ಬಂತು. ಕ್ರೀಟ್ ದ್ವೀಪದ ಕಾಡು ಮೇಕೆ, ಹಿಂದಕ್ಕೆ ಬಾಗಿದ ಕೊಂಬು. ಕಾಡು ಅನ್ನೋದು ಹೆಸರಿಗೆ ಮಾತ್ರ. ಊರ ಮೇಕೆಯ ಹಾಗೆ ಬಂದು ಬ್ಯಾಗು ಮೂಸಿತು. ಕೊಡಬೇಡಿ, ಅದೂ ಬೋರ್ಡಿನಲ್ಲಿದೆ.

ಆಮೇಲೆ ಕಮರಿ ಕಿರಿದಾಗುತ್ತಾ ಹೋಗುತ್ತದೆ. ಕೆಲವು ಕಡೆ ಬೇಗ ಬೇಗ ನಡೆಯಿರಿ ಅಂತ ಫಲಕ ಇದೆ, ಮೇಲಿನಿಂದ ಕಲ್ಲು ಉರುಳುತ್ತದೆ ಅಂತ. ಅತೀ ಕಿರಿದಾದ ಜಾಗಕ್ಕೆ ಬಾಗಿಲು ಅಂತಲೇ ಕರೆಯುತ್ತಾರೆ. ಅಗಲ ಮೂರು ನಾಲ್ಕು ಮೀಟರ್. ಎರಡೂ ಕಡೆ ಬಂಡೆ ಸುಮಾರು 300 ಮೀಟರ್ ಎತ್ತರ. ಅಂದರೆ ನಮ್ಮ ಜೋಗವನ್ನು ಅದರ ಪಕ್ಕ ನಿಲ್ಲಿಸಿದರೆ ಮುಚ್ಚಿಹೋಗುತ್ತದೆ. ಆ ಗೋಡೆಗಳ ಮಧ್ಯೆ ನಿಂತು ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿ ಅಷ್ಟೇ. ಕೆಳಗೆ ಕಾಲ ಪಕ್ಕದಲ್ಲಿ ಹಳ್ಳ. ಸೆಪ್ಟೆಂಬರಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಬಿಳಿ ಬೆಟ್ಟಗಳು ಅನ್ನೋ ಆ ಸಾಲಿನ ಮೇಲೆ ಜೋರು ಮಳೆಯಾದರೆ ಆ ನೀರೆಲ್ಲ ಈ ಮೂರು ಮೀಟರಿನಲ್ಲೇ ಹಾಯಬೇಕು. ನಿಮಗೆ ಓಡುವುದಕ್ಕೆ ಜಾಗ ಇಲ್ಲ.

ಅದಕ್ಕೇ ಟಿಕೆಟ್. ಬೆಳಗ್ಗೆ ಎಷ್ಟು ಜನ ಇಳಿದರು, ಸಂಜೆ ಎಷ್ಟು ಜನ ಹೊರಬಂದರು ಅಂತ ಅವರಿಗೆ ಲೆಕ್ಕ ಸಿಗಬೇಕು. ಒಂದು ಕಡಿಮೆಯಾದರೆ ಯಾರೋ ಒಳಗೆ ಬಿದ್ದಿದ್ದಾರೆ ಅಂತ ಅರ್ಥ. ರಾತ್ರಿ ಉಳಿಯುವ ಹಾಗಿಲ್ಲ. ಚಳಿಗಾಲ ಪೂರ್ತಿ ಬಂದ್, ಮೇ ತಿಂಗಳಿಂದ ಅಕ್ಟೋಬರ್ ತನಕ ಮಾತ್ರ ತೆರೆದಿರುತ್ತದೆ. ಆಗಲೂ ಮಳೆ ಬಂದರೆ ಮುಚ್ಚುತ್ತಾರೆ, ವಿಪರೀತ ಸೆಕೆ ಇದ್ದರೂ ಮುಚ್ಚುತ್ತಾರೆ. ಹಾಗಾಗಿ ಕ್ರೀಟಿನಲ್ಲಿ ಒಂದೇ ದಿನ ಇಟ್ಟುಕೊಂಡು ಹೋಗಬೇಡಿ.

ಕೊನೆಯ ಊರು ಅಯಾ ರೂಮೆಲಿ. ಅಲ್ಲಿಗೆ ರಸ್ತೆಯೇ ಇಲ್ಲ. ಹೊರಗೆ ಬರಬೇಕಾದರೆ ದೋಣಿ. ಸಂಜೆಯ ದೋಣಿ ತಪ್ಪಿದರೆ ಅಲ್ಲೇ ಮಲಗಬೇಕು. ನಾವು ದೋಣಿಗೆ ಮುಕ್ಕಾಲು ಗಂಟೆ ಮುಂಚೆ ತಲುಪಿದೆವು. ಇವಳು ಬೂಟು ಬಿಚ್ಚಿ ಸಮುದ್ರದಲ್ಲಿ ಮಂಡಿವರೆಗೆ ಇಳಿದು ನಿಂತವಳು ದೋಣಿಯ ಹಾರ್ನ್ ಆಗುವವರೆಗೂ ಮೇಲೆ ಬರಲಿಲ್ಲ. ಅಲ್ಲಿ ಕಾಲು ಅದ್ದಬೇಡಿ ಅನ್ನೋ ಬೋರ್ಡು ಇರಲಿಲ್ಲ.

ಊಟದ ವಿಷಯ ಆಗಲೇ ಒಬ್ಬರು ಕೇಳಿದರು. ಸಸ್ಯಾಹಾರಿಗಳಿಗೆ ಕಷ್ಟವಾ ಅಂತ. ಕ್ರೀಟಿನಲ್ಲಿ ಇಲ್ಲ. ಹೋರ್ತಾ ಅಂತ ಕೇಳಿ. ಬೆಟ್ಟದ ಬೆರಕೆ ಸೊಪ್ಪು ಬೇಯಿಸಿ, ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ. ಯಾವ ಸೊಪ್ಪು ಅಂತ ಕೇಳಿದರೆ ಹೋಟೆಲಿನ ಅಜ್ಜಿ ಬೆಟ್ಟದ ಕಡೆ ಕೈ ತೋರಿಸಿದಳು. ಸಿಕ್ಕಿದ್ದು ಅಂತ. ನಮ್ಮ ಅಜ್ಜಿಯಂದಿರೂ ಹಾಗೇ ಅಲ್ವಾ ತರುತ್ತಿದ್ದದ್ದು? ದಾಕೋಸ್ ಅಂತ ಇನ್ನೊಂದಿದೆ, ಗಟ್ಟಿ ರಸ್ಕಿನ ಮೇಲೆ ಟೊಮೆಟೊ, ಚೀಸು. ಸ್ಪೇನಿನ ಬೆಟ್ಟದ ಊರುಗಳಲ್ಲಿ ಮಾತ್ರ ಮಾಂಸ ಇಲ್ಲದ ಊಟ ಸಿಗುವುದು ಕಷ್ಟ. ಅವಲಕ್ಕಿ ಇಟ್ಟುಕೊಂಡಿರಿ.

ಸ್ಪೇನಿನ ಮಾತು ಬಂತು, ಅಲ್ಲಿಗೇ ಹೋಗೋಣ. ಪಿರನೀಸ್ ಬೆಟ್ಟಗಳಲ್ಲಿ ಓರ್ದೇಸಾ. 1918ರಲ್ಲೇ ಆದ ಪಾರ್ಕು, ಸ್ಪೇನಿನ ಮೊದಲ ಎರಡರಲ್ಲಿ ಒಂದು. ಅಲ್ಲಿ ಜನ ಜಾಸ್ತಿ ಇರುವ ದಿನಗಳಲ್ಲಿ ಸ್ವಂತ ಕಾರು ಬಿಡಲ್ಲ. ತೋರ್ಲಾ ಅನ್ನೋ ಊರಲ್ಲಿ ನಿಲ್ಲಿಸಿ ಅವರ ಬಸ್ಸಿನಲ್ಲಿ ಹೋಗಬೇಕು. ಕಣಿವೆಯಲ್ಲಿ ಒಂದು ಹೊತ್ತಿಗೆ ಇಷ್ಟೇ ಜನ ಅಂತ ಮಿತಿ ಇದೆ, ಅದಕ್ಕೆ. ಚಂದದ ಜಾಗ. ಬೀಚ್ ಅನ್ನೋ ಜಾತಿಯ ಮರಗಳ ಕಾಡು, ಮೇಲೆ ಬಂಡೆ ಗೋಡೆ, ಕೊನೆಯಲ್ಲಿ ಕುದುರೆ ಬಾಲ ಅನ್ನೋ ಹೆಸರಿನ ಜಲಪಾತ. ಆದರೆ ನನಗೆ ಅಲ್ಲಿ ನೆನಪಿರುವುದು ಇಲ್ಲದ ಒಂದು ಪ್ರಾಣಿ.

ಬುಕಾರ್ದೊ ಅಂತ ಅಲ್ಲಿ ಒಂದು ಕಾಡು ಮೇಕೆ ಇತ್ತು. ಬೇಟೆಯಾಡಿ ಆಡಿ ಮುಗಿಸುತ್ತಾ ಬಂದರು. ಕೊನೆಗೆ ಒಂದೇ ಒಂದು ಹೆಣ್ಣು ಉಳಿಯಿತು. 2000ದ ಜನವರಿ 6ರಂದು ಅದು ಸತ್ತು ಬಿದ್ದದ್ದು ಕಂಡಿತು, ಮರ ಮುರಿದು ಮೇಲೆ ಬಿದ್ದಿತ್ತು. ಬೇಟೆಗಾರರಿಂದ ತಪ್ಪಿಸಿಕೊಂಡು ಕೊನೆಗೆ ಮರಕ್ಕೆ ಸಿಕ್ಕಿತು ನೋಡಿ. ಅದರ ಚರ್ಮದ ಜೀವಕೋಶ ತೆಗೆದಿಟ್ಟಿದ್ದರು. ಅದರಿಂದ 2003ರಲ್ಲಿ ಒಂದು ಮರಿ ಹುಟ್ಟಿಸಿದರು. ಶ್ವಾಸಕೋಶ ಸರಿ ಇರಲಿಲ್ಲ, ಕೆಲವೇ ನಿಮಿಷಗಳಲ್ಲಿ ತೀರಿಕೊಂಡಿತು. ಒಂದೇ ಪ್ರಾಣಿ ಎರಡು ಸಲ ಅಳಿದದ್ದು.

ಇದಕ್ಕೆ ಪೂರ್ತಿ ಬೇರೆ ಕಥೆ ಇಟಲಿಯ ಗ್ರಾನ್ ಪರಡೀಸೊದ್ದು. ಅಲ್ಲೂ ಮೇಕೆಯೇ. ಐಬೆಕ್ಸ್, ಅವರ ಭಾಷೆಯಲ್ಲಿ ಸ್ತಾಂಬೆಕ್ಕೊ. ಗಂಡಿನ ಕೊಂಬು ಸುಮಾರು ಒಂದು ಮೀಟರ್ ಉದ್ದ, ಗಂಟು ಗಂಟಾಗಿ ಹಿಂದಕ್ಕೆ ಬಾಗಿರುತ್ತದೆ. ಅದರ ಹೃದಯದಲ್ಲಿ ಒಂದು ಸಣ್ಣ ಮೂಳೆ ಇದೆ, ಅದನ್ನು ಕಟ್ಟಿಕೊಂಡರೆ ಅಪಮೃತ್ಯು ಬರಲ್ಲ ಅಂತ ಜನ ನಂಬಿದ್ದರು. ಮಾಂಸ, ಕೊಂಬು, ಮೂಳೆ ಎಲ್ಲಕ್ಕೂ ಬೇಟೆ. 19ನೇ ಶತಮಾನದ ಆರಂಭಕ್ಕೆ ಇಡೀ ಆಲ್ಪ್ಸ್‌ನಲ್ಲಿ ಉಳಿದದ್ದು ಈ ಒಂದು ಬೆಟ್ಟದ ಸುತ್ತ ನೂರರಷ್ಟು ಮಾತ್ರ. ಉಳಿಸಿದವರು ಯಾರು? ದೊರೆ. ಯಾಕೆ ಉಳಿಸಿದ? ತಾನು ಬೇಟೆಯಾಡುವುದಕ್ಕೆ! 1856ರಲ್ಲಿ ದೊರೆ ಎರಡನೇ ವಿಟ್ಟೋರಿಯೊ ಎಮಾನುವೆಲೆ ಅದನ್ನು ತನ್ನ ಬೇಟೆಯ ಕಾಡು ಮಾಡಿಕೊಂಡ. ಬೇರೆಯವರು ಮುಟ್ಟದ ಹಾಗೆ ಕಾವಲು ಇಟ್ಟ. ಕದ್ದು ಬೇಟೆಯಾಡುತ್ತಿದ್ದವರನ್ನೇ ಕಾವಲಿಗೆ ಸೇರಿಸಿಕೊಂಡ, ಕಳ್ಳದಾರಿ ಗೊತ್ತಿರುವುದು ಅವರಿಗೇ ಅಲ್ವಾ. ಮುಂದೆ ರಾಜಮನೆತನ ಕಾಡನ್ನು ಸರ್ಕಾರಕ್ಕೆ ಕೊಟ್ಟಿತು. 1922ರಲ್ಲಿ ಇಟಲಿಯ ಮೊದಲ ನ್ಯಾಷನಲ್ ಪಾರ್ಕ್ ಆಯಿತು.

ಬಂಡೀಪುರವೂ ಮೈಸೂರು ಮಹಾರಾಜರ ಬೇಟೆಯ ಕಾಡೇ ಆಗಿತ್ತು. ದೊರೆಗಳ ಬೇಟೆಯ ಚಟ ಕಾಡು ಉಳಿಸಿದ್ದು ಇಲ್ಲೂ ನಿಜ, ಅಲ್ಲೂ ನಿಜ. ಅವರಿಗೆ ಶಭಾಷ್ ಹೇಳಬೇಕಾ ಬೇಡವಾ ಅಂತ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಆ ದೊರೆ ಮಾಡಿಸಿದ ಇನ್ನೊಂದು ಕೆಲಸದ ಲಾಭ ನಮಗೆ ಸಿಕ್ಕಿತು. ಕುದುರೆ ಮೇಲೆ ಕೂತು ಬೇಟೆಗೆ ಹೋಗಲು ಬೆಟ್ಟದ ತುಂಬ ದಾರಿ ಕಡಿಸಿದ್ದ. ವಾಲ್ನೊಂತೇ ಅನ್ನೋ ಹಳ್ಳಿಯಿಂದ ಮೇಲೆ ಹೋದರೆ ಸುಮಾರು 2,600 ಮೀಟರ್ ಎತ್ತರದಲ್ಲಿ ಅವನ ಬೇಟೆಮನೆ ಇತ್ತು, ಈಗ ಚಾರಣಿಗರ ತಂಗುಮನೆ. ದಾರಿ ಅಷ್ಟು ಎತ್ತರಕ್ಕೆ ಹೋದರೂ ಏದುಸಿರು ಬರಲ್ಲ. ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ದೊರೆಯ ಕುದುರೆಗೆ ಸುಸ್ತಾಗಬಾರದು ಅಂತ ಮಾಡಿದ್ದು, ನನ್ನ ಹೆಂಡತಿಯ ಮಂಡಿಗೆ ಅನುಕೂಲವಾಯಿತು.

ಅಲ್ಲಿನ ಬೋರ್ಡಿನ ಗಲಾಟೆ ನಾಯಿಯದ್ದು. ಯುರೋಪಿನವರು ನಾಯಿ ಬಿಟ್ಟು ಎಲ್ಲಿಗೂ ಹೋಗಲ್ಲ. ಹೋಟೆಲಿಗೂ ಬರುತ್ತದೆ, ರೈಲಿಗೂ ಬರುತ್ತದೆ. ಈ ಪಾರ್ಕಿನಲ್ಲಿ ಮಾತ್ರ ಬೆರಳೆಣಿಕೆಯ ದಾರಿಗಳು ಬಿಟ್ಟರೆ ನಾಯಿಗೆ ಪ್ರವೇಶ ಇಲ್ಲ. ಅದರ ಫಲ ಸಂಜೆ ಗೊತ್ತಾಯಿತು. ತಂಗುಮನೆಯ ಹಿಂದಿನ ಹುಲ್ಲಿನಲ್ಲಿ ಏಳು ಗಂಡು ಐಬೆಕ್ಸ್ ಮೇಯುತ್ತಿದ್ದವು. ನಾವು ಬಂಡೆಯ ಮೇಲೆ ಕೂತೆವು. ಅವು ತಲೆ ಎತ್ತಿ ನೋಡಿ, ಇವರಿಂದ ಏನೂ ಆಗಲ್ಲ ಅಂತ ಮತ್ತೆ ಮೇಯತೊಡಗಿದವು. ಅವುಗಳಲ್ಲಿ ಎರಡು ಕೊಂಬಿಗೆ ಕೊಂಬು ಹಚ್ಚಿದವು, ಜಗಳಕ್ಕಲ್ಲ, ಆಟಕ್ಕೆ. ಒಣ ಬಿದಿರು ತಾಗಿದ ಹಾಗೆ ಟಕ್ ಅಂತ ಸದ್ದು. ಎರಡನೇ ಮಹಾಯುದ್ಧ ಮುಗಿಯುವಾಗ ಇವು ನಾನೂರರಷ್ಟು ಮಾತ್ರ ಉಳಿದಿದ್ದವು. ಇವತ್ತು ಆಲ್ಪ್ಸ್‌ನ ಎಲ್ಲ ದೇಶಗಳಲ್ಲೂ ಸೇರಿ ಐವತ್ತು ಸಾವಿರದ ಆಸುಪಾಸು ಇವೆ. ಎಲ್ಲವೂ ಈ ಬೆಟ್ಟದ ಸಂತಾನ.

ಮತ್ತೆ ಸ್ಪೇನ್, ಈ ಸಲ ದಕ್ಷಿಣದ ತುದಿ. ಡೊನ್ಯಾನಾ. ಅಲ್ಲಿನ ಬೋರ್ಡು ಎಲ್ಲಕ್ಕಿಂತ ಚಿಕ್ಕದು. ಒಳಗೆ ಬರಬೇಡಿ. ಅಂಚಿನಲ್ಲಿರುವ ಮಾಹಿತಿ ಕೇಂದ್ರಗಳ ಸುತ್ತ ಹಲಗೆ ದಾರಿಯಲ್ಲಿ ಓಡಾಡಬಹುದು. ನಡುವಿನ ಭಾಗಕ್ಕೆ ಹೋಗಬೇಕಾದರೆ ಮೊದಲೇ ಬುಕ್ ಮಾಡಿ ಗೈಡ್ ಇರುವ ಗಾಡಿಯಲ್ಲೇ ಹೋಗಬೇಕು. ನಮ್ಮ ಸಫಾರಿಯ ಹಾಗೇ.

ಗ್ವಾದಲ್ಕಿವೀರ್ ನದಿ ಸಮುದ್ರ ಸೇರುವ ಜಾಗ ಅದು. ಚಳಿಗಾಲದಲ್ಲಿ ಜೌಗು, ಲಕ್ಷಾಂತರ ಹಕ್ಕಿಗಳು. ಬೇಸಿಗೆಯಲ್ಲಿ ಒಡೆದ ಕೆಸರು. ನಾವು ಹೋದದ್ದು ಸೆಪ್ಟೆಂಬರಿನಲ್ಲಿ, ತಪ್ಪು ಕಾಲ. ಕೆರೆ ಬೀಳಿನಲ್ಲಿ ನಡೆದ ಹಾಗಾಯಿತು. ನೀವು ಹೋದರೆ ಚಳಿಗಾಲದಲ್ಲಿ ಅಥವಾ ಮಾರ್ಚ್ ಏಪ್ರಿಲ್‌ನಲ್ಲಿ ಹೋಗಿ. ಸಮುದ್ರದ ಕಡೆ ಮರಳು ಗುಡ್ಡಗಳಿವೆ, ಅವು ಗಾಳಿಗೆ ವರ್ಷ ವರ್ಷ ಮುಂದಕ್ಕೆ ಸರಿಯುತ್ತವೆ. ದಾರಿಯಲ್ಲಿರುವ ಪೈನ್ ಮರಗಳನ್ನು ನುಂಗುತ್ತವೆ, ದಾಟಿಹೋದ ಮೇಲೆ ಸತ್ತ ಬೊಡ್ಡೆಗಳನ್ನು ಹಿಂದೆ ಬಿಡುತ್ತವೆ.

ಪಕ್ಕದಲ್ಲಿ ಎಲ್ ರೊಸೀಯೊ ಅನ್ನೋ ಊರು. ಊರ ಬೀದಿಗೆ ಡಾಂಬರು ಇಲ್ಲ, ಮರಳು. ಮನೆ ಮುಂದೆ ಕುದುರೆ ಕಟ್ಟಲು ಕಂಬ. ವರ್ಷಕ್ಕೊಮ್ಮೆ ಮಾತೆ ಮೇರಿಯ ಜಾತ್ರೆಗೆ ದೂರದೂರದಿಂದ ಜನ ಎತ್ತಿನ ಬಂಡಿ, ಕುದುರೆ ಕಟ್ಟಿಕೊಂಡು ಕಾಡು ದಾಟಿ ಬರುತ್ತಾರೆ. ಬೇರೆಯವರು ಒಳಗೆ ಬರಬಾರದ ಕಾಡು, ದೇವಿಯ ಬಂಡಿಗೆ ಬಿಡುತ್ತಾರೆ. ಇದು ನಮಗೆ ಬೇಗ ಅರ್ಥವಾಗುತ್ತದೆ.

ಒಳಗೆ ಜನ ಬರದಿದ್ದರೆ ಸಾಕಾ? ಸಾಲದು. ಪಾರ್ಕಿನ ಸುತ್ತ ಹಸಿರು ಕಾಣುವ ಬದಲು ಬಿಳಿ ಪ್ಲಾಸ್ಟಿಕ್ ಕಂಡಿತು, ಕಿಲೋಮೀಟರ್‌ಗಟ್ಟಲೆ. ಅದರ ಕೆಳಗೆ ಸ್ಟ್ರಾಬೆರಿ. ಯುರೋಪಿನ ಅಂಗಡಿಗಳಿಗೆ ಇಲ್ಲಿಂದಲೇ ಹೋಗುವುದು. ಅದಕ್ಕೆ ನೀರು ಬೋರ್‌ವೆಲ್‌ನಿಂದ, ಅದರಲ್ಲಿ ಎಷ್ಟೋ ಅಕ್ರಮ. ಮೇಲೆ ಬೇಲಿ ಹಾಕಿದರೂ ನೆಲದ ಕೆಳಗಿನ ನೀರಿಗೆ ಬೇಲಿ ಹಾಕಲಾಗುತ್ತಾ? 2021ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಸ್ಪೇನ್ ತಪ್ಪು ಮಾಡಿದೆ ಅಂತ ಹೇಳಿತು. ಮರುವರ್ಷವೇ ಬೇಸಿಗೆಯಲ್ಲೂ ಬತ್ತದ ಸಾಂತಾ ಒಲಾಯಾ ಕೆರೆ ಬತ್ತಿತು. ಅದರ ಮುಂದಿನ ವರ್ಷವೂ ಬತ್ತಿತು. ಕೋಲಾರದ ಕಡೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಐಬೀರಿಯಾದ, ಅಂದರೆ ಸ್ಪೇನ್ ಪೋರ್ಚುಗಲ್ ಕಡೆಯ, ಲಿಂಕ್ಸ್ ಅನ್ನೋ ಕಾಡುಬೆಕ್ಕು, ಕಿವಿ ತುದಿಯಲ್ಲಿ ಕಪ್ಪು ಜುಟ್ಟು ಇರುವುದು, 2002ರಲ್ಲಿ ಬರೀ 94 ಉಳಿದಿತ್ತು. ಇದೇ ಡೊನ್ಯಾನಾ ಮತ್ತು ಅಲ್ಲಿಂದ ಉತ್ತರದ ಇನ್ನೊಂದು ಬೆಟ್ಟಸಾಲಿನಲ್ಲಿ. ಸಾಕಿ, ಮರಿ ಮಾಡಿಸಿ ಕಾಡಿಗೆ ಬಿಟ್ಟರು. 2023ರ ಲೆಕ್ಕದಲ್ಲಿ ಎರಡು ಸಾವಿರ ದಾಟಿದೆ. ನಮಗೆ ಕಂಡಿತಾ? ಹೆಜ್ಜೆ ಗುರುತು ಕಂಡಿತು ಅಂತ ಗೈಡ್ ಹೇಳಿದ. ನನಗೆ ನಾಯಿ ಹೆಜ್ಜೆಯ ಹಾಗೆ ಕಂಡಿತು.

ಕೊನೆಯದು ಪೋರ್ಚುಗಲ್. ಆ ದೇಶಕ್ಕೆ ನ್ಯಾಷನಲ್ ಪಾರ್ಕ್ ಅಂತ ಇರುವುದು ಒಂದೇ, ಉತ್ತರದ ಗಡಿಯಲ್ಲಿ, ಪೆನೇಡಾ ಜೆರೇಶ್. 1971ರಲ್ಲಿ ಆದದ್ದು. ಇಲ್ಲಿ ನನ್ನ ಹೆಂಡತಿ ಬೋರ್ಡು ಹುಡುಕಿ ಸೋತಳು. ಗೇಟೇ ಇಲ್ಲ. ಪಾರ್ಕಿನೊಳಗೆ ಊರುಗಳಿವೆ, ಜನ ಇದ್ದಾರೆ, ಮುಸುಕಿನ ಜೋಳ ಬೆಳೆಯುತ್ತಾರೆ, ಕಲ್ಲಿನ ಕಣಜಗಳಲ್ಲಿ ತುಂಬುತ್ತಾರೆ. ಬೇಸಿಗೆಗೆ ಮೇಲಿನ ಊರು, ಚಳಿಗೆ ಕೆಳಗಿನ ಊರು ಅಂತ ಎರಡೆರಡು ಮನೆ ಇರುವ ಕುಟುಂಬಗಳಿದ್ದವು. ರೋಮನ್ನರ ಕಾಲದ ದಾರಿ ಒಂದಿದೆ, ಆಗಿನ ಮೈಲಿಗಲ್ಲುಗಳು ಇನ್ನೂ ನಿಂತಿವೆ. ಅದರ ಮೇಲೆ ಉದ್ದ ಕೊಂಬಿನ ದನಗಳು ಅಡ್ಡ ಮಲಗಿರುತ್ತವೆ. ಎದ್ದೇಳಲ್ಲ. ನೀವೇ ಸುತ್ತಿ ಹೋಗಬೇಕು.

ಅಲ್ಲಿ ವಿಲರೀನ್ಯು ದ ಫುರ್ನ ಅಂತ ಒಂದು ಊರಿತ್ತು. ಊರಿನವರೇ ಒಬ್ಬ ಮುಖಂಡನನ್ನು ಆರಿಸುತ್ತಿದ್ದರು, ದನ ಕಾಯುವುದು, ದಾರಿ ರಿಪೇರಿ ಎಲ್ಲ ಮನೆಗೊಂದು ಸರದಿ. ಓಮೆಂ ಅನ್ನೋ ಹೊಳೆಗೆ ವಿದ್ಯುತ್ತಿಗೆ ಅಂತ ಅಣೆಕಟ್ಟು ಕಟ್ಟಿದರು. ಪಾರ್ಕ್ ಹುಟ್ಟಿದ ಹೊತ್ತಿಗೇ, 1971-72ರಲ್ಲಿ, ಊರು ಮುಳುಗಿತು. ಜನ ಹೋಗುವಾಗ ಹೆಂಚು, ತೊಲೆ ಬಿಚ್ಚಿಕೊಂಡು ಹೋದರಂತೆ.

ಸಾಗರದಲ್ಲಿ ಕೂತು ಈ ಕಥೆ ಹೇಳುವಾಗ ನಾನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಈ ಕೋಣೆಯಲ್ಲೇ ಎಷ್ಟು ಜನ ಇದ್ದೀರಿ! ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ನಾವೆಲ್ಲ ನೋಡಲು ಹೋಗುತ್ತೇವಲ್ಲ, ಅಲ್ಲೂ ಹಾಗೇ. ಬೇಸಿಗೆ ಕೊನೆಗೆ ನೀರು ಇಳಿದಾಗ ಊರು ಎದ್ದು ಬರುತ್ತದೆ. ನಾವು ಹೋದಾಗ ಅರ್ಧ ಎದ್ದಿತ್ತು. ದಪ್ಪ ಕಲ್ಲಿನ ಗೋಡೆಗಳು, ಮೇಲೆ ಏನೂ ಇಲ್ಲ. ಓಣಿಯ ಕಲ್ಲುಹಾಸಿನ ಮೇಲೆ ಒಣಗಿದ ಕೆಸರು, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ನಾನು ಫೋಟೋ ತೆಗೆಯುತ್ತಾ ನಿಂತಿದ್ದೆ. ಇವಳು ಒಂದು ಮನೆಯ ಬಾಗಿಲ ಮುಂದೆ ನಿಂತು, ಚಪ್ಪಲಿ ಬಿಟ್ಟು, ಹೊಸ್ತಿಲು ತುಳಿಯದೆ ದಾಟಿ ಒಳಗೆ ಹೋದಳು. ಇವಳ ತವರಿನವರೂ ಮುಳುಗಡೆಯವರೇ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಕರೆದಳು. "ರೀ, ಇಲ್ಲಿ ಬನ್ನಿ. ಒಲೆ ಇದ್ದದ್ದು ಇಲ್ಲಿ." ಹೋಗಿ ನೋಡಿದೆ. ಅಷ್ಟು ವರ್ಷ ನೀರೊಳಗಿದ್ದರೂ ಮೂಲೆಯ ಆ ಒಂದು ಕಲ್ಲು ಬೇರೆ ಕಲ್ಲುಗಳಿಗಿಂತ ಕಪ್ಪಗಿತ್ತು.